ಹಳೆ ಪೇಟೆಮನೆ ಕೊಳ್ಳುವವರ ಪ್ರಶ್ನೆಗಳು

ಅಕ್ಕಪಕ್ಕದ ಮನೆಗಳಿಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ, ಮುಂಭಾಗ ಕಿರಿದಾದ, ಎರಡು ಮೂರು ಅಂತಸ್ತಿನ ಹಳೆ ಮನೆಗಳನ್ನು ಕೊಂಡು ರಿಪೇರಿ ಮಾಡಿಸುವ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಇಟ್ಟಿಗೆ ಅಥವಾ ಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಜಂತೆ, ಇಳಿಜಾರು ಮಾಡು ಇರುವ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇವೆ. ಕಾಂಕ್ರೀಟ್ ಕಂಬ, ತೊಲೆಗಳ ಮೇಲೆ ನಿಂತ ಮನೆಗೆ ಇವು ಹೊಂದುವುದಿಲ್ಲ.

ಪ್ರಶ್ನೆ: ನೂರು ವರ್ಷ ದಾಟಿದ ಮೂರಂತಸ್ತಿನ ಮನೆಯೊಂದು ಮಾರಾಟಕ್ಕಿದೆ. ಜಾಹೀರಾತಿನಲ್ಲಿ ‘ನವೀಕರಣಕ್ಕೆ ವಿಪುಲ ಅವಕಾಶ’ ಎಂದು ಬರೆದಿದ್ದಾರೆ. ಒಂದು ಗಂಟೆ ನೋಡಲು ಬಿಡುತ್ತಾರಂತೆ. ಅಷ್ಟರಲ್ಲಿ ಏನೇನು ನೋಡಬೇಕು?

ಉತ್ತರ: ‘ಬಹಳ ವರ್ಷದಿಂದ ಯಾರೂ ಕೈ ಹಾಕಿಲ್ಲ’ ಎನ್ನುವುದೇ ಆ ಮಾತಿನ ಅರ್ಥ. ಅದಕ್ಕೆ ಹೆದರಬೇಕಿಲ್ಲ. ಅರೆಬರೆ ರಿಪೇರಿ ಮಾಡಿ ಮೇಲೆ ಬಣ್ಣ ಬಳಿದ ಮನೆಗಿಂತ ಮುಟ್ಟದೆ ಬಿಟ್ಟ ಮನೆಯ ಸ್ಥಿತಿ ತಿಳಿಯುವುದು ಸುಲಭ. ಕೋಣೆಗಳ ಅಂದಚಂದವನ್ನು ಕಡೆಗೆ ಇಟ್ಟುಕೊಳ್ಳಿ. ಮಳೆನೀರು ಯಾವ ದಾರಿ ಹಿಡಿದು ಇಳಿಯುತ್ತದೋ ನೀವೂ ಅದೇ ದಾರಿ ಹಿಡಿದು ನೋಡುತ್ತ ಬನ್ನಿ: ಮಾಡು, ಮಾಡಿನಂಚಿನಲ್ಲಿ ನೀರು ಹಿಡಿಯುವ ದೋಣಿ, ಪೈಪು, ಗೋಡೆ, ನೆಲ. ಹಳೆ ಮನೆಯ ರೋಗಗಳಲ್ಲಿ ಹೆಚ್ಚಿನವು ನೀರಿನಿಂದಲೇ ಹುಟ್ಟುತ್ತವೆ.

ಕೈಯಲ್ಲಿ ಟಾರ್ಚು, ಸ್ಕ್ರೂಡ್ರೈವರ್, ಸಣ್ಣ ಅಯಸ್ಕಾಂತ, ಅಳತೆ ಟೇಪು, ದಾರ ಕಟ್ಟಿದ ತೂಗುಗುಂಡು, ಒಂದು ಗಾಜಿನ ಗೋಲಿ ಇರಲಿ. ಮೊದಲ ಹದಿನೈದು ನಿಮಿಷ ಮನೆಯೊಳಗೆ ಕಾಲಿಡಬೇಡಿ. ರಸ್ತೆಯ ಆಚೆ ಬದಿಗೆ ನಿಂತು ಮಾಡಿನ ಏಣು ನೇರವಾಗಿದೆಯೇ ನೋಡಿ. ನಡುವೆ ಕುಸಿದಿದ್ದರೆ ಒಳಗೆ ಮರ ಬಾಗಿದೆ ಎಂದರ್ಥ. ದೋಣಿಯಲ್ಲಿ ಗಿಡ ಹುಟ್ಟಿದ್ದರೆ ಅಲ್ಲಿ ಮಣ್ಣು ಕೂತು ನೀರು ಕಟ್ಟುತ್ತಿದೆ. ಮಳೆನೀರಿನ ಪೈಪಿನ ಹಿಂದಿನ ಗೋಡೆಯಲ್ಲಿ ಹಸಿರು ಪಾಚಿಯ ಪಟ್ಟೆ ಇದ್ದರೆ ಪೈಪು ಹಿಂಬದಿಯಲ್ಲಿ ಬಿರಿದಿದೆ. ಎರಕದ ಕಬ್ಬಿಣದ ಪೈಪುಗಳಲ್ಲಿ ಇದು ಮಾಮೂಲು: ಬಣ್ಣ ಹಚ್ಚುವವರ ಕುಂಚ ಹಿಂಬದಿಗೆ ಹೋಗುವುದೇ ಇಲ್ಲ, ಅಲ್ಲಿಂದಲೇ ತುಕ್ಕು ತಿನ್ನುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರ್ ಮಾಡಿನ ಮೇಲೆ 20 ಮಿಲಿಮೀಟರ್ ಸುರಿದರೆ 1,000 ಲೀಟರ್. ಒಂದೇ ಒಂದು ಪೈಪು ಕಟ್ಟಿಕೊಂಡರೆ ಅಷ್ಟೂ ನೀರು ಗೋಡೆಯ ಒಂದೇ ಜಾಗಕ್ಕೆ ಹೋಗುತ್ತದೆ.

ಆಮೇಲೆ ನೇರ ಅಟ್ಟಕ್ಕೆ ಹತ್ತಿ. ಟಾರ್ಚು ಆರಿಸಿ ಎರಡು ನಿಮಿಷ ಸುಮ್ಮನೆ ನಿಂತರೆ ಹಂಚಿನ ಸಂದಿಯಲ್ಲಿ ಬೆಳಕು ಎಲ್ಲೆಲ್ಲಿ ತೂರುತ್ತಿದೆ ಎಂಬುದು ಕಾಣುತ್ತದೆ. ಟಾರ್ಚು ಹಚ್ಚಿ ಮರದ ಮೇಲಿನ ಕಪ್ಪು ಕಲೆಗಳನ್ನು ಮುಟ್ಟಿ ನೋಡಿ; ಒಣಗಿದ್ದರೆ ಹಳೆಯ ಸೋರಿಕೆ, ತಣ್ಣಗೆ ಮೆತ್ತಗಿದ್ದರೆ ಈಗಿನದು. ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಜಂಟಿ ಗೋಡೆ ಹಂಚಿನ ತನಕ ಏರಿದೆಯೇ ಎಂಬುದನ್ನು ಮರೆಯದೆ ಗಮನಿಸಿ. ಎಷ್ಟೋ ಸಾಲುಮನೆಗಳಲ್ಲಿ ಅದು ಮೇಲಿನ ಕೋಣೆಯ ಸೂರಿಗೇ ನಿಂತು, ಅಟ್ಟ ಸಾಲಿನುದ್ದಕ್ಕೂ ಒಂದೇ ಆಗಿರುತ್ತದೆ. ಒಂದು ಮನೆಗೆ ಬೆಂಕಿ ಬಿದ್ದರೆ ಆ ದಾರಿಯಲ್ಲಿ ಸಾಲಿಗೇ ಹಬ್ಬುತ್ತದೆ. ಹಾಗಿದ್ದರೆ ಆ ಗೋಡೆಯನ್ನು ಮೇಲಕ್ಕೆ ಕಟ್ಟಿಸುವುದು ನಿಮ್ಮ ಕೆಲಸದ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರಬೇಕು.

ಕೋಣೆಗಳಲ್ಲಿ ನೆಲದ ಮೇಲೆ ಗೋಲಿ ಬಿಡಿ. ಎಲ್ಲ ಮಹಡಿಗಳಲ್ಲೂ ಒಂದೇ ದಿಕ್ಕಿಗೆ ಉರುಳಿದರೆ ಗೋಡೆ ಅಥವಾ ಪಾಯ ಕುಸಿದಿರುವ ಸಾಧ್ಯತೆ ಇದೆ. ಒಂದು ಮಹಡಿಯಲ್ಲಿ ಮಾತ್ರ ನಡುವಿಗೆ ಉರುಳಿದರೆ ಆ ಮಹಡಿಯ ಜಂತೆ ಬಾಗಿದೆ. ಹೊಸದಾಗಿ ಬಣ್ಣ ಬಳಿದ ಒಂಟಿ ಗೋಡೆ ಕಂಡರೆ ಅದನ್ನೇ ಹೆಚ್ಚು ಹೊತ್ತು ನೋಡಿ.

ಪ್ರಶ್ನೆ: ನೆಲಮಹಡಿಯ ಗೋಡೆಗಳಲ್ಲಿ ಮೊಣಕಾಲೆತ್ತರದ ತನಕ ತೇವ ಇದೆ. ಒಬ್ಬರು ಮೀಟರ್ ಇಟ್ಟು ತೋರಿಸಿ, ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಿ, ಮೇಲೆ ವಾಟರ್‌ಪ್ರೂಫ್ ಸಿಮೆಂಟ್ ಗಿಲಾವು ಮಾಡಿದರೆ ಶಾಶ್ವತ ಪರಿಹಾರ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಈಗಲೇ ಒಪ್ಪಬೇಡಿ. ಎರಡು ಮೊಳೆ ಚುಚ್ಚಿ ನೋಡುವ ಮೀಟರ್ ಅಳೆಯುವುದು ನೀರನ್ನಲ್ಲ, ವಿದ್ಯುತ್ ಹರಿಯುವ ಸಲೀಸನ್ನು. ಅದರ ಅಂಕಿ ಸರಿಹೊಂದಿಸಿರುವುದು ಮರಕ್ಕೆ. ಹಳೆ ಗೋಡೆಯಲ್ಲಿ ಉಪ್ಪು ತುಂಬಿರುತ್ತದೆ. ಗೋಡೆ ಹೆಚ್ಚುಕಡಿಮೆ ಒಣಗಿದ್ದರೂ ಉಪ್ಪಿನಿಂದಾಗಿ ಮುಳ್ಳು ಮೇಲಕ್ಕೆ ಹಾರುತ್ತದೆ. ನಿಜವಾದ ನೀರಿನ ಪ್ರಮಾಣ ಬೇಕಿದ್ದರೆ ಗೋಡೆಯ ಒಳಗಿನಿಂದ ಕೊರೆದ ಪುಡಿಯನ್ನು ಕಾರ್ಬೈಡ್ ಮೀಟರಿನಲ್ಲಿ (ನೀರು ಕಾರ್ಬೈಡಿಗೆ ತಾಗಿ ಹುಟ್ಟುವ ಅನಿಲದ ಒತ್ತಡ ಅಳೆಯುವ ಸಾಧನ) ಹಾಕಿ ನೋಡಬೇಕು, ಇಲ್ಲವೇ ಪ್ರಯೋಗಾಲಯದಲ್ಲಿ ತೂಗಿ, ಒಣಗಿಸಿ, ಮತ್ತೆ ತೂಗಬೇಕು.

ಅದಕ್ಕೂ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಹೊರಗಿನ ರಸ್ತೆ, ಅಂಗಳ, ಹೂವಿನ ಪಾತಿ ವರ್ಷಗಳಲ್ಲಿ ಏರುತ್ತ ಬಂದು ಒಳನೆಲದ ಮಟ್ಟವನ್ನೂ ಮೀರಿರುತ್ತದೆ. ಹೊರಗಿನ ನೆಲ ಒಳನೆಲಕ್ಕಿಂತ ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು. ಮರದ ನೆಲದ ಕೆಳಗೆ ಗಾಳಿಯಾಡಲು ಹೊರಗೋಡೆಯಲ್ಲಿ ಬಿಟ್ಟ ಜಾಲಿಕಿಂಡಿಗಳನ್ನು ಯಾರೋ ಮುಚ್ಚಿರುತ್ತಾರೆ. ಚರಂಡಿ ಪೈಪು ನೆಲದಡಿ ಒಡೆದಿರಬಹುದು. ತೇವ ಒಂದೇ ಮೂಲೆಯಲ್ಲಿದ್ದರೆ ಮೇಲಿನ ಪೈಪನ್ನೂ, ಗೋಡೆಯುದ್ದಕ್ಕೂ ಸಮವಾಗಿದ್ದರೆ ನೆಲದ ಮಟ್ಟವನ್ನೂ, ತಂಪು ಬೆಳಿಗ್ಗೆ ಮಾತ್ರ ಹನಿಗಟ್ಟಿ ಮೂಲೆಯಲ್ಲಿ ಕಪ್ಪು ಬೂಷ್ಟು ಬಂದರೆ ಗಾಳಿಯಾಡದ ಕೋಣೆಯನ್ನೂ ಮೊದಲು ಅನುಮಾನಿಸಿ. ನೆಲದಿಂದ ಮೇಲೇರುವ ತೇವ ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ, ನಿಂತಲ್ಲಿ ಉಪ್ಪಿನ ಗೆರೆ ಬಿಡುತ್ತದೆ. ಅದಕ್ಕಿಂತ ಮೇಲಿನ ತೇವಕ್ಕೆ ಬೇರೆಯೇ ಮೂಲ ಇರುತ್ತದೆ.

ಸಿಮೆಂಟ್ ಗಿಲಾವು ಏಕೆ ಬೇಡ? ಸುಣ್ಣದ ಗಾರೆಯ ಗೋಡೆ ಒಂದಿಷ್ಟು ನೀರು ಕುಡಿಯುತ್ತದೆ, ಬಿಸಿಲು ಗಾಳಿಗೆ ಅದನ್ನು ಬಿಟ್ಟುಬಿಡುತ್ತದೆ. ಗೋಡೆ ಉಳಿದಿರುವುದೇ ಈ ಲೇವಾದೇವಿಯಿಂದ. ಮೇಲೆ ಬಿಗಿಯಾದ ಸಿಮೆಂಟ್ ಪದರ ಬಂದರೆ ನೀರು ಹೊರಬರುವ ದಾರಿ ಮುಚ್ಚುತ್ತದೆ. ತೇವ ಮಾಯವಾದಂತೆ ಕಂಡರೂ ಅದು ಗೋಡೆಯೊಳಗೇ ಮೇಲಕ್ಕೆ ಏರುತ್ತಿರುತ್ತದೆ. ಕೆಲವು ವರ್ಷಗಳಲ್ಲಿ ಗಿಲಾವಿನ ಮೇಲಂಚಿನಲ್ಲಿ ಹೊಸ ಕಲೆ ಹುಟ್ಟುತ್ತದೆ. ಆ ಎತ್ತರದಲ್ಲಿ ಗೋಡೆಯೊಳಗೆ ಮರದ ಜಂತೆಯ ತುದಿ ಇದ್ದರೆ ಅದು ಕೊಳೆಯಲು ಶುರು.

ನೀರಿನ ಮೂಲ ಕಟ್ಟಿದ ಮೇಲೆ ಒಣಗಲು ಬಿಡಿ. ಸ್ಥೂಲ ಲೆಕ್ಕ, 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು. 225 ಮಿಲಿಮೀಟರ್ ಗೋಡೆಗೆ ಒಂಬತ್ತು ತಿಂಗಳು, ಒಂದೂವರೆ ಇಟ್ಟಿಗೆಯ 340 ಮಿಲಿಮೀಟರ್ ಗೋಡೆಗೆ ಒಂದು ವರ್ಷಕ್ಕೂ ಹೆಚ್ಚು. ಈ ಕಾಯುವಿಕೆಯನ್ನು ತಪ್ಪಿಸಿ ಗಿಲಾವು ಮಾಡಿಸಿದವರು ಎರಡನೇ ಸಲವೂ ದುಡ್ಡು ಕೊಡುತ್ತಾರೆ. ಒಣಗುವಾಗ ಬಿಳಿ ಉಪ್ಪು ಹೂವಿನಂತೆ ಉಕ್ಕಿದರೆ ಒಣ ಬ್ರಷ್ಷಿನಿಂದ ಉದುರಿಸಿ, ಗುಡಿಸಿ ಹೊರಹಾಕಿ. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಪ್ರಶ್ನೆ: ಹೊರಗೋಡೆಯ ಸಂದುಗಳ ಗಾರೆ ಉದುರುತ್ತಿದೆ. ಸಿಮೆಂಟಿನಲ್ಲಿ ತುಂಬಿದರೆ ಗಟ್ಟಿ ಎನ್ನುತ್ತಾರೆ ಮೇಸ್ತ್ರಿ. ಸುಣ್ಣವೇ ಬೇಕೆಂದರೆ ಹದ, ಅಳತೆ ತಿಳಿಸಿ.

ಉತ್ತರ: ಗಟ್ಟಿಯಾಗಿರುವುದೇ ಸಿಮೆಂಟಿನ ತೊಂದರೆ. ಸಂದಿನ ಗಾರೆ ಯಾವತ್ತೂ ಇಟ್ಟಿಗೆಗಿಂತ ಮೆತ್ತಗಿರಬೇಕು. ಗೋಡೆ ಅಲುಗಿದರೆ ಗಾರೆ ಬಿರಿಯಲಿ, ನೀರು ಆವಿಯಾಗುವಾಗ ಉಪ್ಪು ಗಾರೆಯನ್ನು ತಿನ್ನಲಿ. ಗಾರೆಯನ್ನು ಮತ್ತೆ ತುಂಬಬಹುದು. ಸಿಮೆಂಟ್ ಸಂದು ನೀರನ್ನು ಬಿಡದ ಕಾರಣ ನೀರು ಇಟ್ಟಿಗೆಯ ಮೂಲಕವೇ ಹೊರಬರುತ್ತದೆ, ಉಪ್ಪು ಇಟ್ಟಿಗೆಯ ಮುಖದ ಹಿಂದೆ ಹರಳುಗಟ್ಟುತ್ತದೆ, ಮುಖ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಸಿಮೆಂಟಿನ ಸಂದು ಜಾಲರಿಯಂತೆ ಮುಂದೆ ಚಾಚಿಕೊಂಡು, ನಡುವಿನ ಇಟ್ಟಿಗೆ ಗುಳಿಬಿದ್ದ ಗೋಡೆಗಳನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಮನೆಗೋಡೆಯ ಗಾರೆಯಾಗಿ ಅದು ಸುಣ್ಣದ ಜಾಗ ಹಿಡಿಯಲು ಇನ್ನೂ ಬಹಳ ಕಾಲ ಬೇಕಾಯಿತು. ಹಾಗಾಗಿ ನೂರು, ನೂರೈವತ್ತು ವರ್ಷದ ಗೋಡೆಯಲ್ಲಿ ಸಿಮೆಂಟ್ ಕಂಡರೆ ಅದು ಹೆಚ್ಚಾಗಿ ನಂತರದವರ ತೇಪೆ. ಉಗುರಿನಿಂದ ಕೆರೆದಾಗ ಪುಡಿಯಾಗಿ, ನಡುನಡುವೆ ಸುಣ್ಣದ ಬಿಳಿ ಉಂಡೆ ಕಂಡರೆ ಮೂಲ ಗಾರೆ. ಬೂದುಬಣ್ಣಕ್ಕಿದ್ದು ಮೊಳೆಯೂ ಜಾರಿದರೆ ಸಿಮೆಂಟ್.

ಈಗ ಕೆಲಸ. ಸಡಿಲ ಗಾರೆಯನ್ನು ಕೈ ಉಳಿ, ಸಣ್ಣ ಸುತ್ತಿಗೆಯಿಂದ ಕೆರೆದು ತೆಗೆಯಿರಿ. ಆಳ ಸಂದಿನ ಅಗಲದ ಎರಡು ಪಟ್ಟಾದರೂ ಇರಲಿ. 10 ಮಿಲಿಮೀಟರ್ ಸಂದಿಗೆ 20ರಿಂದ 25 ಮಿಲಿಮೀಟರ್. ಕತ್ತರಿಸುವ ಚಕ್ರದ ಯಂತ್ರ ಬೇಡ. ಲಂಬ ಸಂದಿನಲ್ಲಿ ಅದು ಮೇಲೆ ಕೆಳಗಿನ ಇಟ್ಟಿಗೆಯ ಅಂಚನ್ನು ಕೊಯ್ದೇ ಬಿಡುತ್ತದೆ. ಧೂಳು ಬ್ರಷ್ಷಿನಿಂದ ತೆಗೆದು, ಹಿಂದಿನ ದಿನ ಒಮ್ಮೆ, ಹಚ್ಚುವ ಮೊದಲು ಮತ್ತೊಮ್ಮೆ ನೀರು ಚಿಮುಕಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿದರೆ ಗಾರೆ ಹಿಟ್ಟಾಗಿ ಉಳಿಯುತ್ತದೆ.

ಅಳತೆ, ಒಂದು ಪಾಲು ಕೊಳೆಹಾಕಿ ಬೆಣ್ಣೆಯಂತಾದ ಸುಣ್ಣಕ್ಕೆ ಮೂರು ಪಾಲು ಮರಳು. ಈ ಮೂರಕ್ಕೆ ಕಾರಣ ಇದೆ: ಒಣ ಮರಳಿನ ಕಣಗಳ ನಡುವಿನ ಖಾಲಿ ಜಾಗ ಒಟ್ಟು ಗಾತ್ರದ ಮೂರನೇ ಒಂದರಷ್ಟು, ಅದನ್ನು ತುಂಬುವಷ್ಟು ಸುಣ್ಣ ಬೇಕು. ಮರಳು ಚೂಪಾಗಿ, ದಪ್ಪ ಸಣ್ಣ ಕಣಗಳೆಲ್ಲ ಬೆರೆತು ಇರಲಿ. ಒಂದೇ ನುಣುಪಿನ ಮರಳಿನ ಗಾರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ತೇವ ಹೆಚ್ಚಿರುವ ಕಡೆ ಬೇಗ ಗಟ್ಟಿಯಾಗಲು ಇಟ್ಟಿಗೆ ಪುಡಿ ಬೆರೆಸಬಹುದು, ಅಥವಾ ನೀರಿನಲ್ಲೂ ಗಟ್ಟಿಯಾಗುವ ಜಲಸುಣ್ಣ ಬಳಸಬಹುದು. ಕಲಸುವಾಗ ನೀರು ಆದಷ್ಟು ಕಡಿಮೆ. ಕರಣಿಯನ್ನು ತಲೆಕೆಳಗು ಮಾಡಿದರೂ ಗಾರೆ ಬೀಳದೆ ಅಂಟಿಕೊಂಡಿದ್ದರೆ ಹದ ಬಂದಿದೆ.

ಹಚ್ಚಿದ ಮೇಲೆ ಒದ್ದೆ ಗೋಣಿತಾಟು ತೂಗುಬಿಟ್ಟು ಒಂದು ವಾರವಾದರೂ ತೇವವಾಗಿಡಿ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದರಿಂದ. ಆ ಕ್ರಿಯೆಗೆ ತೇವ ಬೇಕು, ಸಮಯವೂ ಬೇಕು. ಸುಡುಬಿಸಿಲಿನಲ್ಲಾಗಲಿ, 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಾಗಲಿ ಈ ಕೆಲಸ ಹಿಡಿಯಬೇಡಿ. ಹಸಿ ಸುಣ್ಣ ಕಣ್ಣನ್ನು ಸುಡುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಕೆಲಸಕ್ಕೆ ಬಿಡಬೇಡಿ. ಸಿಡಿದರೆ ಕೂಡಲೇ ಧಾರಾಳ ನೀರಿನಲ್ಲಿ ಕಣ್ಣು ತೊಳೆದು ವೈದ್ಯರ ಬಳಿ ಹೋಗಬೇಕು.

ಪ್ರಶ್ನೆ: ಹಿಂದಿನ ಮಾಲೀಕರು ಈಗಾಗಲೇ ಸಿಮೆಂಟ್ ಗಿಲಾವು ಮಾಡಿಸಿದ್ದಾರೆ. ಪೂರ್ತಿ ಕಿತ್ತುಹಾಕಲೇ?

ಉತ್ತರ: ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಅಡಿ ಚೌಕ ಕಿತ್ತು ನೋಡಿ. ಟೊಳ್ಳು ಸದ್ದು ಬರುವ ಕಡೆ ಅದು ಹಾಳೆಯಂತೆ ಎದ್ದುಬರುತ್ತದೆ, ಅಲ್ಲಿ ತೆಗೆಯಿರಿ. ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತಿದ್ದರೆ ನಿಲ್ಲಿಸಿ, ಅದು ತಾನಾಗಿ ಸಡಿಲವಾಗುವ ತನಕ ಬಿಡಿ. ಮರಳು ಚಿಮ್ಮಿಸಿ ಗೋಡೆ ಶುಚಿ ಮಾಡುವ ಯಂತ್ರವನ್ನಂತೂ ಹತ್ತಿರ ಸೇರಿಸಬೇಡಿ. ಸುಟ್ಟ ಇಟ್ಟಿಗೆಯ ಹೊರಸಿಪ್ಪೆಯೇ ಅದರ ರಕ್ಷಣೆ, ಅದು ಹೋದರೆ ಒಳಗಿನ ಮೆದು ಭಾಗ ಮಳೆಗೆ ತೆರೆದುಕೊಳ್ಳುತ್ತದೆ.

ಪ್ರಶ್ನೆ: ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೋಗಿದೆ. ಅಲ್ಲದೆ ಮುಂಗೋಡೆಗೂ ಪಕ್ಕದ ಜಂಟಿ ಗೋಡೆಗೂ ನಡುವೆ ಮೂಲೆಯಲ್ಲಿ ಉದ್ದಕ್ಕೆ ಬಿಟ್ಟುಕೊಂಡಿದೆ. ಯಾವುದು ಅಪಾಯ?

ಉತ್ತರ: ಎರಡನೆಯದಕ್ಕೆ ಹೆಚ್ಚು ಗಮನ ಕೊಡಿ. ಸಾಲುಮನೆಗಳಲ್ಲಿ ಜಂತೆಗಳು ಹೆಚ್ಚಾಗಿ ಒಂದು ಜಂಟಿ ಗೋಡೆಯಿಂದ ಇನ್ನೊಂದಕ್ಕೆ ಹಾಯ್ದಿರುತ್ತವೆ. ಮುಂಗೋಡೆಯನ್ನು ಹಿಡಿದುಕೊಳ್ಳುವ ಯಾವ ಕಟ್ಟೂ ಇರುವುದಿಲ್ಲ. ಎರಡು ಮೂರು ಅಂತಸ್ತಿನ ಎತ್ತರಕ್ಕೆ ಅದು ಒಂಟಿ ಹಲಗೆಯಂತೆ ನಿಂತಿರುತ್ತದೆ, ನಿಧಾನಕ್ಕೆ ರಸ್ತೆಯ ಕಡೆ ಹೊಟ್ಟೆ ಬಿಡುತ್ತದೆ. ಮೇಲಿನ ಕಿಟಕಿಯಿಂದ ತೂಗುಗುಂಡು ಇಳಿಬಿಟ್ಟು, ಪ್ರತಿ ಮಹಡಿಯ ಮಟ್ಟದಲ್ಲಿ ದಾರಕ್ಕೂ ಗೋಡೆಗೂ ಇರುವ ಅಂತರ ಬರೆದುಕೊಳ್ಳಿ. ಭಾರ ಇಳಿಯುವ ಗೆರೆ ಗೋಡೆಯ ನಡುವಿನಿಂದ ಅದರ ದಪ್ಪದ ಆರನೇ ಒಂದು ಭಾಗಕ್ಕಿಂತ ಹೆಚ್ಚು ಸರಿದರೆ ಒಂದು ಮೈಯಲ್ಲಿ ಎಳೆತ ಶುರುವಾಗುತ್ತದೆ. 340 ಮಿಲಿಮೀಟರ್ ಗೋಡೆಗೆ ಅದು 57 ಮಿಲಿಮೀಟರ್. ಸುಣ್ಣದ ಗಾರೆ ಎಳೆತ ತಾಳುವುದಿಲ್ಲ. ಆ ಅಂಕಿಯ ಹತ್ತಿರ ಹೋಗುವ ಮುಂಚೆಯೇ ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕು. ಪರಿಹಾರ ಹಳೆಯದೇ: ಜಂತೆಗಳಿಗೆ ಬಿಗಿದ ಉಕ್ಕಿನ ಸರಳು ಗೋಡೆ ದಾಟಿ ಹೊರಬಂದು, ಹೊರಗೆ ಅಗಲ ತಟ್ಟೆಗೆ ಬೋಲ್ಟ್ ಆಗುತ್ತದೆ. ಹಳೆ ಬೀದಿಗಳ ಮನೆಗಳ ಮುಖದ ಮೇಲೆ ಕಾಣುವ ಕಬ್ಬಿಣದ ಅಡ್ಡಪಟ್ಟಿ, ನಕ್ಷತ್ರ ಇವೇ. ಸರಳು ಗೋಡೆಯನ್ನು ಇದ್ದಲ್ಲಿ ಹಿಡಿದು ನಿಲ್ಲಿಸುತ್ತದೆ. ಬೋಲ್ಟ್ ತಿರುಗಿಸಿ ಹಿಂದಕ್ಕೆ ಎಳೆಯಲು ಹೋದರೆ ಗೋಡೆ ಒಡೆಯುತ್ತದೆ.

ಓರೆ ಬಿರುಕಿನಲ್ಲಿ ಅಗಲಕ್ಕಿಂತ ಅದು ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣದಲ್ಲಿ 5 ಮಿಲಿಮೀಟರ್ ತನಕದ್ದು ತುಂಬಿ ಮುಚ್ಚಬಹುದಾದ ಸಣ್ಣ ಬಿರುಕು, 5ರಿಂದ 15 ಮಧ್ಯಮ, 15ರಿಂದ 25 ತೀವ್ರ, ಅದಕ್ಕೂ ಮೀರಿದರೆ ಅತಿ ತೀವ್ರ. ಬಿರುಕಿನ ಎರಡೂ ಬದಿಗೆ ಒಂದೊಂದು ಸ್ಕ್ರೂ ಕೂರಿಸಿ, ಅವುಗಳ ನಡುವಿನ ಅಂತರವನ್ನು ಕ್ಯಾಲಿಪರಿನಲ್ಲಿ ತಿಂಗಳಿಗೊಮ್ಮೆ ಒಂದು ವರ್ಷ ಅಳೆಯಿರಿ. ಮಳೆ ಬೇಸಿಗೆಗೆ ತುಸು ಹಿಗ್ಗಿ ಕುಗ್ಗಿ ಮೊದಲಿನ ಅಂಕಿಗೇ ಮರಳಿದರೆ ಋತುವಿನ ಆಟ. ಒಂದೇ ದಿಕ್ಕಿಗೆ ಹೋಗುತ್ತಲೇ ಇದ್ದರೆ ಪಾಯ ಕುಸಿಯುತ್ತಿದೆ. ಅಂಥ ಕಡೆ ಒಡೆದ ಚರಂಡಿ ಪೈಪು ಮಣ್ಣನ್ನು ತೊಳೆದು ಒಯ್ಯುತ್ತಿಲ್ಲವೇ ಎಂದು ಮೊದಲು ಪರೀಕ್ಷಿಸಿ. ಹಳೆ ಧೂಳು, ಬಣ್ಣ ಒಳಗೆ ಸೇರಿಕೊಂಡ ಬಿರುಕು ಹಳೆಯದು. ಒಳಮೈ ಶುಭ್ರವಾಗಿ ಅಂಚು ಚೂಪಾಗಿದ್ದರೆ ಹೊಸದು.

ಪ್ರಶ್ನೆ: ಮೊದಲ ಮಹಡಿಯ ಮರದ ನೆಲಕ್ಕೆ ಕಲ್ಲು ಹಾಸಿ, ಅಲ್ಲೇ ಬಾತ್‌ಟಬ್ ಇರುವ ಬಚ್ಚಲು ಮಾಡಿಸಬೇಕೆಂದಿದ್ದೇವೆ. ಜಂತೆಗಳು ನೋಡಲು ಗಟ್ಟಿಯಾಗೇ ಇವೆ.

ಉತ್ತರ: ಭಾರ ಲೆಕ್ಕ ಹಾಕೋಣ. 20 ಮಿಲಿಮೀಟರ್ ಕಲ್ಲು ಚದರ ಮೀಟರಿಗೆ ಸುಮಾರು 54 ಕಿಲೊ. ಅದರಡಿಯ 50 ಮಿಲಿಮೀಟರ್ ಗಾರೆ ಸುಮಾರು 105 ಕಿಲೊ. ಒಟ್ಟು 160 ಕಿಲೊದ ಹತ್ತಿರ. ವಾಸದ ಮನೆಯ ನೆಲ ಜನ, ಸಾಮಾನು ಎಲ್ಲ ಸೇರಿ ಹೊರಬೇಕೆಂದು ಇಂದಿನ ನಿಯಮಗಳು ಹಿಡಿಯುವ ಭಾರವೇ ಚದರ ಮೀಟರಿಗೆ 150ರಿಂದ 200 ಕಿಲೊ. ಅಂದರೆ ಒಬ್ಬರೂ ಕಾಲಿಡುವ ಮೊದಲೇ ಕಲ್ಲು ಆ ಪಾಲನ್ನು ಬಹುಪಾಲು ನುಂಗಿಬಿಟ್ಟಿತು. ತುಂಬಿದ ಟಬ್ಬು, ಅದರೊಳಗೊಬ್ಬರು ಸೇರಿದರೆ 300 ಕಿಲೊ ಸುಲಭವಾಗಿ ಆಗುತ್ತದೆ, ಅದೂ ನಾಲ್ಕು ಕಾಲುಗಳ ಮೇಲೆ. ಕಲ್ಲು ಬಿಡಿ. ಟಬ್ಬು ಬೇಕೇ ಬೇಕೆಂದರೆ ಜಂತೆಯ ನಡುವಿಗಲ್ಲ, ಗೋಡೆಯ ಹತ್ತಿರಕ್ಕೆ, ಜಂತೆಗಳಿಗೆ ಅಡ್ಡಲಾಗಿ ಇಟ್ಟು ಹೆಚ್ಚು ಜಂತೆಗಳಿಗೆ ಭಾರ ಹಂಚುವಂತೆ ಮಾಡಿ. ಅದಕ್ಕೂ ಎಂಜಿನಿಯರ್ ಲೆಕ್ಕ ಬೇಕು.

‘ನೋಡಲು ಗಟ್ಟಿ’ ಎಂಬ ಮಾತನ್ನು ನಂಬಬೇಡಿ. ಜಂತೆ ಕೊಳೆಯುವುದು ಕಾಣುವ ನಡುಭಾಗದಲ್ಲಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಗೋಡೆ ಪಕ್ಕದ ಒಂದೆರಡು ಹಲಗೆ ಎಬ್ಬಿಸಿ, ಗೋಡೆಗೆ ತಾಗಿದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ಮರದಲ್ಲಿ ತುದಿ ಒಂದೆರಡು ಮಿಲಿಮೀಟರ್ ಹೋಗಿ ನಿಲ್ಲುತ್ತದೆ, ಮೀಟಿದರೆ ಉದ್ದ ಸಿಬಿರು ಏಳುತ್ತದೆ. ಕೊಳೆತ ಮರದಲ್ಲಿ ಸಲೀಸಾಗಿ ಇಳಿಯುತ್ತದೆ, ಮೀಟಿದರೆ ತುಂಡುತುಂಡಾಗಿ ಮುರಿಯುತ್ತದೆ. ಮರದ ತೇವ ಶೇಕಡಾ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯದು. ಮೊಳೆ ಮೀಟರ್ ಇಲ್ಲಿ ಸರಿಯಾದ ಕೆಲಸಕ್ಕೆ ಬರುತ್ತದೆ. ಮರದಲ್ಲಿ ಸಣ್ಣ ತೂತುಗಳಿದ್ದು ಕೆಳಗೆ ಹೊಸ ತಿಳಿಬಣ್ಣದ ಪುಡಿ ಉದುರಿದ್ದರೆ ಕುಟ್ಟೆಹುಳ ಈಗಲೂ ಇದೆ. ಗೋಡೆ ಮೇಲೆ ಮಣ್ಣಿನ ಸುರಂಗದ ಗೆರೆ ಕಂಡರೆ ಗೆದ್ದಲು.

ಕೊಳೆತ ತುದಿಯನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ, ಎರಡೂ ಮಗ್ಗುಲಿಗೆ ಹೊಸ ಮರ ಇಟ್ಟು ಬೋಲ್ಟ್ ಬಿಗಿದು ಉದ್ದ ಮಾಡಬಹುದು. ಇಡೀ ಜಂತೆ ಬದಲಿಸುವ ಅಗತ್ಯ ಅಪರೂಪ. ಹೊಸ ತುದಿಯನ್ನು ಮತ್ತೆ ಹಸಿ ಗೋಡೆಗೆ ತುರುಕಬೇಡಿ. ಗೋಡೆಗೆ ಬಿಗಿದ ಉಕ್ಕಿನ ತೊಟ್ಟಿಲಲ್ಲಿ ಕೂರಿಸಿ, ಇಲ್ಲವೇ ತುದಿಗೆ ತೇವತಡೆ ಹಾಳೆ ಸುತ್ತಿ ಸುತ್ತಲೂ ಗಾಳಿಗೆ ಜಾಗ ಬಿಡಿ.

ಪ್ಲಂಬರ್ ಬಂದಾಗ ಪಕ್ಕದಲ್ಲೇ ನಿಲ್ಲಿ. ಪೈಪಿಗೆಂದು ಜಂತೆಯ ಮೇಲಂಚನ್ನು ಕಚ್ಚು ಹಾಕುವುದು ಹಳೆ ನೆಲಗಳನ್ನು ಹಾಳು ಮಾಡಿದ ದೊಡ್ಡ ಅಭ್ಯಾಸ. ಕಚ್ಚು ಜಂತೆಯ ಎತ್ತರದ ಎಂಟನೇ ಒಂದು ಭಾಗ ಮೀರಬಾರದು, ಅದೂ ಗೋಡೆಯಿಂದ ಜಂತೆಯ ಉದ್ದದ ಕಾಲುಭಾಗದೊಳಗೆ. ತೂತಾದರೆ ಎತ್ತರದ ನಟ್ಟನಡುವೆ, ವ್ಯಾಸ ಎತ್ತರದ ಕಾಲುಭಾಗದೊಳಗೆ. 200 ಮಿಲಿಮೀಟರ್ ಜಂತೆಗೆ 25 ಮಿಲಿಮೀಟರ್ ಕಚ್ಚು, 50 ಮಿಲಿಮೀಟರ್ ತೂತು. ಬಚ್ಚಲಿನ ಹೊಲಸುನೀರಿನ ಪೈಪು ಇದರಲ್ಲಿ ಹಿಡಿಯುವುದಿಲ್ಲ, ಅದು ಜಂತೆಗಳ ನಡುವೆ ಅವುಗಳಿಗೆ ಸಮಾನಾಂತರವಾಗಿ ಓಡಬೇಕು. ಬಚ್ಚಲು ಎಲ್ಲಿ ಎಂಬುದನ್ನು ಜಂತೆಯ ದಿಕ್ಕು ನೋಡಿಯೇ ತೀರ್ಮಾನಿಸಿ.

ಪ್ರಶ್ನೆ: ಎರಡು ಸಣ್ಣ ಕೋಣೆಗಳ ನಡುವಿನ ತೆಳು ಗೋಡೆ ತೆಗೆದು ಒಂದೇ ಮಾಡಬಹುದೇ? ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಹಾಗಾಗಿ ಭಾರ ಹೊತ್ತಿಲ್ಲ ಎನಿಸುತ್ತದೆ.

ಉತ್ತರ: ಟೊಳ್ಳು ಸದ್ದು ಬಂದಷ್ಟಕ್ಕೆ ಭಾರ ಹೊತ್ತಿಲ್ಲ ಎನ್ನಲಾಗದು. ಹಳೆ ಮನೆಗಳಲ್ಲಿ ಓರೆ ಕಂಬಗಳಿರುವ ಮರದ ಚೌಕಟ್ಟಿನ ಗೋಡೆಗಳೇ ಮೇಲಿನ ಮಹಡಿಯನ್ನು ಹೊತ್ತಿರುವುದುಂಟು. ಮೇಲಿನ ಕೋಣೆಗೆ ಹೋಗಿ ನೆಲದ ಹಲಗೆಗಳ ಮೊಳೆಸಾಲು ನೋಡಿ. ಮೊಳೆಸಾಲು ಹೋದ ಕಡೆಯೇ ಅಡಿಯಲ್ಲಿ ಜಂತೆ. ಜಂತೆ ಹಲಗೆಗೆ ಅಡ್ಡವಾಗಿರುತ್ತದೆ. ಜಂತೆಗಳು ಈ ಗೋಡೆಯನ್ನು ಅಡ್ಡ ಹಾಯುತ್ತಿದ್ದರೆ, ಅದರಲ್ಲೂ ಅದರ ಮೇಲೆಯೇ ಜಂತೆಗಳ ಜೋಡಣೆ ಇದ್ದರೆ, ಅದು ಭಾರ ಹೊತ್ತಿದೆ ಎಂದೇ ತಿಳಿಯಿರಿ. ಮೂಲದಲ್ಲಿ ಹೊರದಿದ್ದ ಗೋಡೆಯ ಮೇಲೂ ನೂರು ವರ್ಷದಲ್ಲಿ ಬಾಗಿದ ಜಂತೆಗಳು ಬಂದು ಕೂತಿರುತ್ತವೆ. ಅಗಲ ಬಾಗಿಲಷ್ಟು ತೆರೆದು ಎರಡೂ ಬದಿ ಗೋಡೆಯ ತುಂಡು ಉಳಿಸಿಕೊಂಡರೆ ಬೆಳಕೂ ಬರುತ್ತದೆ, ಮನೆಯ ಹಳೆಯ ವಿನ್ಯಾಸವೂ ಓದಲು ಸಿಗುತ್ತದೆ.

ಪ್ರಶ್ನೆ: ಮಾಡಿನ ಮೇಲೆ ಹೊಗೆಗೂಡು ಇದೆ, ಕೆಳಗಿನ ಕೋಣೆಯಲ್ಲಿ ಮಾತ್ರ ಒಲೆಯ ಗೋಡೆಯೇ ಕಾಣುವುದಿಲ್ಲ.

ಉತ್ತರ: ಯಾರೋ ಜಾಗ ಉಳಿಸಲು ಕೆಳಗಿನದನ್ನು ಒಡೆದಿದ್ದಾರೆ. ಮೇಲಿನ ಟನ್‌ಗಟ್ಟಲೆ ಇಟ್ಟಿಗೆ ಯಾವುದರ ಮೇಲೆ ಕೂತಿದೆ ಎಂಬುದನ್ನು ಕೊಳ್ಳುವ ಮೊದಲು ಎಂಜಿನಿಯರಿಗೆ ತೋರಿಸಿ; ಕೆಳಗೆ ಉಕ್ಕಿನ ತೊಲೆ ಇಟ್ಟ ದಾಖಲೆ ಕೇಳಿ. ಹೊಗೆಗೂಡು ಬಳಕೆಯಲ್ಲಿಲ್ಲದಿದ್ದರೆ ಮೇಲೆ ಮಳೆ ಬೀಳದ, ಗಾಳಿಯಾಡುವ ಟೋಪಿಯನ್ನೂ ಕೆಳಗೆ ಒಂದು ಜಾಲಿಯನ್ನೂ ಹಾಕಿಸಿ. ಎರಡೂ ತುದಿ ಮುಚ್ಚಿದರೆ ಒಳಗೆ ತೇವ ಕಟ್ಟಿ ಮಸಿಯ ಕಂದು ಕಲೆ ಗೋಡೆಗೆ ಇಳಿಯುತ್ತದೆ.

ಪ್ರಶ್ನೆ: ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ. ಹಳೆ ಪೈಪು, ಬಣ್ಣ, ವೈರಿಂಗ್ ಬಗ್ಗೆ ಏನು ಎಚ್ಚರ?

ಉತ್ತರ: ಇದು ಅಂದದ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದದ್ದು. ನೀರು ಬರುವ ಪೈಪನ್ನು ನಾಣ್ಯದಿಂದ ಮೆಲ್ಲಗೆ ಕೆರೆಯಿರಿ. ಮೆತ್ತಗಿದ್ದು ಬೆಳ್ಳಿಯಂತೆ ಹೊಳೆದು, ಅಯಸ್ಕಾಂತ ಅಂಟದಿದ್ದರೆ ಸೀಸ, ಅಂಟಿದರೆ ಕಬ್ಬಿಣ. ಸೀಸದ ಪೈಪನ್ನು ಪೂರ್ತಿ ಬದಲಿಸಿ. ತುಂಡು ಮಾತ್ರ ಬದಲಿಸಿದರೆ ಕತ್ತರಿಸುವಾಗ ಅಲುಗಿದ ಹಳೆ ಪದರದಿಂದ ಕೆಲಕಾಲ ನೀರಿನಲ್ಲಿ ಸೀಸ ಹೆಚ್ಚುವುದೂ ಉಂಟು. ಅಲ್ಲಿಯತನಕ ಬೆಳಿಗ್ಗೆ ಪೈಪಿನಲ್ಲಿ ನಿಂತ ನೀರು ಹರಿಯಬಿಟ್ಟು, ತಣ್ಣೀರಿನ ನಲ್ಲಿಯದನ್ನು ಮಾತ್ರ ಕುಡಿಯಲು ಹಿಡಿಯಿರಿ. ಕುದಿಸಿದರೆ ಸೀಸ ಹೋಗುವುದಿಲ್ಲ.

ಹಳೆ ಬಣ್ಣದ ಪದರಗಳಲ್ಲಿ ಸೀಸ ಇದೆಯೆಂದೇ ಎಣಿಸಿ. ಒಣದಾಗಿ ಉಜ್ಜಬೇಡಿ, ಬೆಂಕಿ ಉರಿಯಿಂದ ಸುಡಬೇಡಿ. ಒದ್ದೆ ಮಾಡಿ ಕೆರೆದು, ಚಕ್ಕೆಗಳನ್ನು ಹಾಳೆಯ ಮೇಲೆ ಬೀಳಿಸಿ ಕಟ್ಟಿ ಒಯ್ಯಿರಿ. ಆ ದಿನಗಳಲ್ಲಿ ಮಕ್ಕಳು, ಗರ್ಭಿಣಿಯರು ಮನೆಯಲ್ಲಿ ಇರಬಾರದು. ಗಟ್ಟಿಯಾಗಿ ಅಂಟಿಕೊಂಡಿರುವ ಬಣ್ಣದ ಮೇಲೆ ಹೊಸ ಬಣ್ಣ ಹಚ್ಚಿ ಮುಚ್ಚುವುದೇ ಎಷ್ಟೋ ಸಲ ಸುರಕ್ಷಿತ. ಕಲ್ನಾರಿನ (ಆಸ್ಬೆಸ್ಟಾಸ್) ಹಾಳೆ, ಬಿಸಿನೀರಿನ ಪೈಪಿಗೆ ಸುತ್ತಿದ ಬಿಳಿ ಹೊದಿಕೆ ಕಂಡರೆ ಕತ್ತರಿಸದೆ, ಕೊರೆಯದೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ತರಬೇತಿ ಪಡೆದವರಿಂದಲೇ ತೆಗೆಸಿ.

ಬಟ್ಟೆ ಸುತ್ತಿದ ರಬ್ಬರ್ ವೈರು ಮುಟ್ಟಿದರೆ ಪುಡಿಯಾಗುತ್ತದೆ. ಅದರ ರಿಪೇರಿ ಎಂಬುದಿಲ್ಲ, ಪೂರ್ತಿ ಹೊಸ ವೈರಿಂಗ್ ಮತ್ತು ಅರ್ಥಿಂಗ್ ಬೇಕು. ಗೋಡೆಯಲ್ಲಿ ಕಾಲುವೆ ಕೊರೆಯುವಾಗ ಮೇಲಿಂದ ಕೆಳಕ್ಕಾದರೆ ದಪ್ಪದ ಮೂರನೇ ಒಂದು, ಅಡ್ಡಕ್ಕಾದರೆ ಆರನೇ ಒಂದು ಭಾಗ ಮೀರಬಾರದು. ಜಂಟಿ ಗೋಡೆಯಲ್ಲಿ ಪಕ್ಕದವರೂ ಅದೇ ಜಾಗದಲ್ಲಿ ಕೊರೆದಿರಬಹುದೆಂಬ ನೆನಪಿರಲಿ.

ಪ್ರಶ್ನೆ: ಹಳೆ ಮರದ ಕಿಟಕಿಗಳನ್ನು ತೆಗೆದು ಪ್ಲಾಸ್ಟಿಕ್ ಚೌಕಟ್ಟಿನವು ಹಾಕಿಸಿದರೆ ಶಬ್ದ ಕಡಿಮೆಯಾಗುತ್ತದಂತೆ.

ಉತ್ತರ: ಹಳೆ ಕಿಟಕಿ ಕೊಳೆಯುವುದು ಸಾಮಾನ್ಯವಾಗಿ ಕೆಳಪಟ್ಟಿ, ಹೊಸ್ತಿಲಿನ ಹಲಗೆಯಲ್ಲಿ ಮಾತ್ರ. ಬಡಗಿ ಅಷ್ಟನ್ನೇ ಕತ್ತರಿಸಿ ಹೊಸ ತುಂಡು ಬೆಸೆಯಬಹುದು. ನಿಧಾನವಾಗಿ ಬೆಳೆದ ಅಂಥ ಬಿಗಿಯೆಳೆಯ ಮರ ಈಗ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ಶಬ್ದಕ್ಕೆ ಒಳಬದಿಯಲ್ಲಿ 100 ಮಿಲಿಮೀಟರ್ ಅಂತರ ಬಿಟ್ಟು ಎರಡನೇ ಗಾಜಿನ ಚೌಕಟ್ಟು ಕೂರಿಸಿ. ಎರಡು ಗಾಜನ್ನು ಒತ್ತಾಗಿ ಕೂಡಿಸಿದ ಕಿಟಕಿಗಿಂತ ಅದು ಶಬ್ದ ಚೆನ್ನಾಗಿ ತಡೆಯುತ್ತದೆ. ಅಲೆಯಲೆಯಾಗಿ ಕಾಣುವ ಹಳೆ ಗಾಜು ಒಡೆಯದಂತೆ ಕಾಪಾಡಿ.

ಪ್ರಶ್ನೆ: ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆ. ಕೊಂಡರೆ ಕೈಕಟ್ಟಿ ಕೂರಬೇಕಾಗುತ್ತದೆಯೇ?

ಉತ್ತರ: ಇಲ್ಲ, ಆದರೆ ಕೇಳಿ ಮಾಡಬೇಕಾಗುತ್ತದೆ. ಪಟ್ಟಿಗೆ ಸೇರಿರುವುದು ಮುಂಭಾಗ ಮಾತ್ರವೋ, ಒಳಗಿನ ಮೆಟ್ಟಿಲು, ಸೂರು, ಹಿತ್ತಿಲೂ ಸೇರಿದೆಯೋ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಹಿಂದಿನವರು ಅನುಮತಿಯಿಲ್ಲದೆ ಮಾಡಿದ ಬದಲಾವಣೆಯನ್ನು ಸರಿಪಡಿಸುವ ಹೊಣೆ ಹಲವು ದೇಶಗಳಲ್ಲಿ ಹೊಸ ಮಾಲೀಕರ ತಲೆಗೆ ಬರುತ್ತದೆ. ಆದ್ದರಿಂದ ಹಳೆ ನಕ್ಷೆ, ಫೋಟೊಗಳನ್ನು ಈಗಿನ ಮನೆಯೊಂದಿಗೆ ಇಟ್ಟು ಹೋಲಿಸಿ, ವ್ಯತ್ಯಾಸಗಳಿಗೆ ಅನುಮತಿ ಪತ್ರ ಕೇಳಿ. ಜಂಟಿ ಗೋಡೆಗೆ ಸರಳು, ತೊಲೆ ಕೂರಿಸಲು ಪಕ್ಕದವರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆದು, ಕೆಲಸಕ್ಕೆ ಮುಂಚೆ ಅವರ ಗೋಡೆಯ ಬಿರುಕುಗಳ ಫೋಟೊ ದಿನಾಂಕ ಸಮೇತ ಇಬ್ಬರೂ ಇಟ್ಟುಕೊಳ್ಳಿ. 1964ರ ವೆನಿಸ್ ಸನ್ನದು ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯ ಮೂಲ ದಾಖಲೆಗಳಲ್ಲೊಂದು. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಒಟ್ಟಂದಕ್ಕೆ ಹೊಂದಿಯೂ ಹೊಸದೆಂದು ಗುರುತು ಸಿಗಬೇಕು ಎನ್ನುತ್ತದೆ ಅದು. ಇಲ್ಲದ ಕೆತ್ತನೆಯನ್ನು ಕಲ್ಪಿಸಿ ಅಂಟಿಸುವ ಮುನ್ನ ಈ ಮಾತು ನೆನೆಸಿಕೊಳ್ಳಿ.

ಪ್ರಶ್ನೆ: ಕೆಲಸಗಳನ್ನು ಯಾವ ಕ್ರಮದಲ್ಲಿ ಹಿಡಿಯಬೇಕು? ಅಡುಗೆಮನೆಯಿಂದ ಶುರು ಮಾಡೋಣ ಎನ್ನುತ್ತಾರೆ ಮನೆಯವರು.

ಉತ್ತರ: ಅಡುಗೆಮನೆ ಕಡೆಯ ಸಾಲಿಗೆ ಹೋಗಲಿ. ಮೊದಲು ಮಾಡು, ದೋಣಿ, ಪೈಪು, ಚರಂಡಿ. ನಂತರ ಗೋಡೆ, ಜಂತೆಗಳ ಬಲ. ಆಮೇಲೆ ಒಂದು ಮಳೆಗಾಲ ಪೂರ್ತಿ ಸುಮ್ಮನಿದ್ದು, ಎಲ್ಲೆಲ್ಲಿ ಇನ್ನೂ ತೇವ ಬರುತ್ತದೆ ಎಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ದಿನಾಂಕ ಬರೆಯುತ್ತ ಹೋಗಿ. ಅದಾದ ಮೇಲೆ ನೀರು, ವಿದ್ಯುತ್ ಪೈಪುಗಳು. ಆಮೇಲೆ ಗಿಲಾವು, ಬಾಗಿಲು ಕಿಟಕಿ, ನೆಲ, ಬಣ್ಣ. ಅಂದಾಜಿನ ಮೇಲೆ ಐದನೇ ಒಂದು ಭಾಗದಷ್ಟು ಹಣ ಬೇರೆ ಎತ್ತಿಡಿ. ಹಲಗೆ ಎಬ್ಬಿಸಿದಾಗ, ಗಿಲಾವು ಕೆಡವಿದಾಗ ಕಾಣುವುದಕ್ಕೆ ಅದು ಬೇಕಾಗುತ್ತದೆ. ಕೆಡವುವ ಮೊದಲು ಪ್ರತಿ ಗೋಡೆಯ ಫೋಟೊ ತೆಗೆದಿಡಿ, ತೆಗೆದ ಬಾಗಿಲು, ಚಿಲಕ, ಹಲಗೆಗೆ ಯಾವ ಕೋಣೆಯದೆಂದು ಚೀಟಿ ಕಟ್ಟಿ.

ಬಣ್ಣದ ಸರದಿ ಬಂದಾಗ ಸುಣ್ಣದ ಗಿಲಾವಿಗೆ ಪ್ಲಾಸ್ಟಿಕ್ ಎಮಲ್ಷನ್ ಹಚ್ಚಬೇಡಿ, ಅದೂ ಉಸಿರು ಕಟ್ಟಿಸುತ್ತದೆ. ಸುಣ್ಣವನ್ನು ಹಾಲಿನಷ್ಟು ತೆಳುವಾಗಿ ಕಲಸಿ ನಾಲ್ಕೈದು ಕೈ ಹಚ್ಚಿ. ಪ್ರತಿ ಸಲ ಗೋಡೆಗೆ ಮೊದಲು ನೀರು ಚಿಮುಕಿಸಿ, ಹಿಂದಿನ ಕೈ ಒಣಗಲು ಒಂದು ದಿನ ಕೊಡಿ. ಹಚ್ಚುವಾಗ ಗೋಡೆ ಹಸಿಯಾಗಿ ಮಾಸಲಾಗಿ ಕಾಣುತ್ತದೆ, ಬಿಳುಪು ಏರುವುದು ಒಣಗಿದ ಮೇಲೆ. ಅದಕ್ಕೆ ಹೆದರಿ ದಪ್ಪಗೆ ಹಚ್ಚಿದರೆ ಪುಡಿಯಾಗಿ ಬಟ್ಟೆಗೆ ಅಂಟುತ್ತದೆ.